ಹತ್ತು ಹಾಕಿದ್ದೆ, ಒಂಬತ್ತು ತೆಗೆದಿದ್ದೆ

“ಚುಚ್ಚಿಕೊಂಡ ಸೂಜಿಗಳನ್ನ ಎಲ್ಲಿ ಬಿಸಾಕಿದಿರಿ?”

ಅಕ್ಯುಪಂಕ್ಚರ್ ಕಲಿಯಬೇಕು ಅಂತ ಹೋದಾಗ ಮೇಷ್ಟ್ರು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಇದು. ಅದಕ್ಕೆ ಸ್ವಲ್ಪ ಮುಂಚೆ ನಾನು ಹೆಮ್ಮೆಯಿಂದಲೇ ಹೇಳಿಕೊಂಡಿದ್ದೆ. ಒಂದು ಡಬ್ಬಿ ಸೂಜಿ ತರಿಸಿದ್ದೀನಿ, ವಿಡಿಯೋ ನೋಡಿಕೊಂಡು ನನ್ನ ಕೈಗೆ ನಾನೇ ಮೂರು ನಾಲ್ಕು ಸಲ ಚುಚ್ಚಿಕೊಂಡಿದ್ದೀನಿ ಅಂತ. ಧೈರ್ಯ ಮೆಚ್ಚಿಕೊಳ್ಳುತ್ತಾರೆ ಅಂದುಕೊಂಡಿದ್ದೆ.

ಟಿಶ್ಯೂ ಪೇಪರಿನಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕಿದೆ ಅಂದೆ.

“ಆ ಕಸ ಯಾರು ಎತ್ತಿದರು?”

ಸುಮ್ಮನೆ ನಿಂತೆ. ಕೈಗವಸು ಹಾಕದ ಯಾರದೋ ಬೆರಳು ಆ ಚೀಲದ ಬಾಯಿ ಕಟ್ಟುತ್ತಿರುವುದು ಕಣ್ಣ ಮುಂದೆ ಬಂತು. ಮೇಷ್ಟ್ರು ಕೈ ಚಾಚಿ, “ಆ ಡಬ್ಬಿ ಇಲ್ಲಿ ಕೊಡಿ. ಯಾವಾಗ ವಾಪಸ್ ಕೊಡಬೇಕು ಅಂತ ನಾನು ಹೇಳ್ತೀನಿ” ಅಂದರು. ಕೊಟ್ಟೆ. ವಾಪಸ್ ಬಂದದ್ದು ಐದು ತಿಂಗಳ ಮೇಲೆ.

ನಾನು ವೈದ್ಯನಲ್ಲ. ಕಂಪ್ಯೂಟರ್ ಮುಂದೆ ಕೂತು ಕೂತು ಕತ್ತು ಹಿಡಿದುಕೊಂಡಿತ್ತು. ಮಾತ್ರೆ ಆಯಿತು, ವ್ಯಾಯಾಮ ಆಯಿತು, ಕೊನೆಗೆ ಅಕ್ಯುಪಂಕ್ಚರಿಗೆ ಹೋದೆ. ಎಂಟು ಸಲ ಹೋಗುವಷ್ಟರಲ್ಲಿ ನೋವು ಕಡಿಮೆಯಾಯಿತು. ಸೂಜಿಯಿಂದಲೋ, ವಾರಕ್ಕೆರಡು ಸಲ ಅರ್ಧ ಗಂಟೆ ಫೋನ್ ಮುಟ್ಟದೆ ಮಲಗಿದ್ದಕ್ಕೋ ಹೇಳಲಾರೆ. ಈ ಅನುಮಾನ ನನ್ನೊಬ್ಬನದೇ ಅಲ್ಲ. 2018ರಲ್ಲಿ ಸಂಶೋಧಕರು 39 ಪ್ರಯೋಗಗಳ 20,827 ರೋಗಿಗಳ ಮಾಹಿತಿಯನ್ನು ಒಟ್ಟಿಗೆ ಹಾಕಿ ನೋಡಿದ್ದರು. ಬಹಳ ದಿನದಿಂದ ಇರುವ ನೋವುಗಳಲ್ಲಿ, ಸೂಜಿಯನ್ನೇ ಹಾಕಿಸಿಕೊಳ್ಳದವರಿಗಿಂತ ಹಾಕಿಸಿಕೊಂಡವರಿಗೆ ಚೆನ್ನಾಗಿಯೇ ಗುಣ ಕಂಡಿತ್ತು. ಆದರೆ ಸುಳ್ಳು ಸೂಜಿ, ಅಂದರೆ ಹಾಕಿದ ಹಾಗೆ ನಟಿಸಿದ ಅಥವಾ ಬೇರೆಲ್ಲೋ ಚುಚ್ಚಿದ ಸೂಜಿ, ಹಾಕಿಸಿಕೊಂಡವರ ಜೊತೆ ಹೋಲಿಸಿದಾಗ ವ್ಯತ್ಯಾಸ ಇತ್ತು, ಸಣ್ಣದಿತ್ತು. ಶುರುವಿನಲ್ಲೇ ಇದು ಗೊತ್ತಾದದ್ದು ಒಳ್ಳೆಯದಾಯಿತು. ಎಲ್ಲ ಕಾಯಿಲೆಗೂ ಸೂಜಿ ಅನ್ನುವವರ ಮಾತಿಗೆ ಆಮೇಲೆ ನಾನು ಮರುಳಾಗಲಿಲ್ಲ.

ಮೇಷ್ಟ್ರ ಹತ್ತಿರ ಹೋಗುವ ಮುಂಚೆ ಇನ್ನೊಂದು ಕಡೆ ವಿಚಾರಿಸಿದ್ದೆ. ಎರಡೇ ದಿನದ ತರಗತಿ, ಮೂರನೇ ದಿನ ಪ್ರಮಾಣಪತ್ರ. “ಶರೀರದ ಒಳಗೇನಿದೆ ಅಂತ ಹೇಳಿಕೊಡ್ತೀರಾ?” ಅಂತ ಕೇಳಿದೆ. “ಅದೆಲ್ಲ ಬೇಕಾಗಲ್ಲ, ಚಾರ್ಟ್ ಕೊಡ್ತೀವಿ” ಅಂದರು. ಅವತ್ತು ರಾತ್ರಿ ವಿಶ್ವ ಆರೋಗ್ಯ ಸಂಸ್ಥೆಯ 1999ರ ಮಾರ್ಗಸೂಚಿ ತೆಗೆದು ಓದಿದೆ. ವೈದ್ಯರಲ್ಲದವರು ಸ್ವತಂತ್ರವಾಗಿ ಸೂಜಿ ಹಾಕಬೇಕಾದರೆ 2,500 ಗಂಟೆಯ ತರಬೇತಿ ಬೇಕು ಅಂತ ಅದರಲ್ಲಿದೆ. ವೈದ್ಯರೇ ಆದರೂ, ತಮ್ಮ ಚಿಕಿತ್ಸೆಯ ಜೊತೆ ಅಷ್ಟಿಷ್ಟು ಬಳಸಿಕೊಳ್ಳುವುದಕ್ಕೇ 200 ಗಂಟೆ. ಎರಡು ದಿನ ಅಂದರೆ ಎಷ್ಟು ಗಂಟೆ? ಊಟದ ಬಿಡುವು ಕಳೆದು ಲೆಕ್ಕ ಹಾಕಿ ನಕ್ಕು ಮಲಗಿದೆ.

ಮೇಷ್ಟ್ರು ಓದಿದ್ದು ವೈದ್ಯಕೀಯ, ಆಮೇಲೆ ಅಕ್ಯುಪಂಕ್ಚರ್. ನಾವು ಏಳು ಜನ ಇದ್ದೆವು. ಮೊದಲ ಆರು ವಾರ ಸೂಜಿಯ ಮುಖವನ್ನೇ ತೋರಿಸಲಿಲ್ಲ.

ಆ ಆರು ವಾರ ಮಾಡಿದ್ದು ಎರಡೇ ಕೆಲಸ. ಕೈ ತೊಳೆಯುವುದು, ಮೂಳೆ ತಡಕುವುದು. ಕೈ ತೊಳೆಯುವುದರಲ್ಲಿ ಕಲಿಯುವುದೇನಿದೆ ಅಂತ ನಗಬೇಡಿ. ಬಣ್ಣದ ಪುಡಿ ಕಲಸಿದ ಎಣ್ಣೆ ಹಚ್ಚಿಕೊಂಡು ತೊಳೆದು ನೋಡಿದರೆ ಗೊತ್ತಾಗುತ್ತದೆ. ಹೆಬ್ಬೆರಳಿನ ಬುಡ, ಉಗುರಿನ ಸಂದು, ಎಡಗೈ ಬೆರಳುಗಳ ಮಧ್ಯೆ ಬಣ್ಣ ಹಾಗೇ ಉಳಿದಿರುತ್ತದೆ. ನನ್ನದಂತೂ ಮೂರು ದಿನ ಒಂದೇ ಜಾಗದಲ್ಲಿ ಉಳಿಯಿತು.

ಮೂಳೆ ತಡಕುವುದು ಇನ್ನೂ ಕಷ್ಟ. ಚಿತ್ರದಲ್ಲಿ ಚುಕ್ಕಿ ನೋಡಿದಾಗ ಎಲ್ಲ ಸುಲಭ ಅನ್ನಿಸುತ್ತದೆ. ಮೈ ಮೇಲೆ ಚುಕ್ಕಿ ಇರುವುದಿಲ್ಲವಲ್ಲ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಪಟ್ಟಿಯಲ್ಲಿ ಸೂಜಿ ಹಾಕುವ 361 ಬಿಂದುಗಳಿವೆ. ಪ್ರತಿಯೊಂದನ್ನೂ ಹತ್ತಿರದ ಮೂಳೆ, ಸ್ನಾಯು, ಗೆರೆ ಹಿಡಿದು ಹುಡುಕಬೇಕು. ಅಳತೆಗೆ ‘ತ್ಸುನ್’ ಅನ್ನುವ ಮಾನ ಇದೆ. ಹೆಬ್ಬೆರಳಿನ ಗೆಣ್ಣಿನ ಅಗಲ ಒಂದು ತ್ಸುನ್. ನಾಲ್ಕು ಬೆರಳು ಜೋಡಿಸಿ ಹಿಡಿದರೆ ಮೂರು ತ್ಸುನ್.

ಇಲ್ಲೇ ನಾನು ಮೊದಲ ಸಲ ಎಡವಿದ್ದು. ನನ್ನ ಜೊತೆ ಅಭ್ಯಾಸ ಮಾಡುತ್ತಿದ್ದವನು ಆರು ಅಡಿ ಆಳು. ಅವನ ಮಂಡಿಯ ಕೆಳಗೆ ನನ್ನ ನಾಲ್ಕು ಬೆರಳಿಟ್ಟು ಅಳೆದು, ಪೆನ್ನಿನಲ್ಲಿ ಗುರುತು ಹಾಕಿ ಕೂತೆ. ಮೇಷ್ಟ್ರು ಬಂದು ಅವನ ಕೈಯನ್ನೇ ಎತ್ತಿ ಅವನ ಕಾಲ ಮೇಲಿಟ್ಟರು. ನನ್ನ ಗುರುತು ಒಂದು ಬೆರಳಿನಷ್ಟು ಮೇಲಿತ್ತು. ಯಾರ ಮೈಯೋ ಅವರದೇ ಬೆರಳು. ಮಗುವಿಗೂ ಅಷ್ಟೇ, ಪೈಲ್ವಾನನಿಗೂ ಅಷ್ಟೇ. ಒಂದು ಬೆರಳಿನ ತಪ್ಪು ಮಂಡಿಯ ಕೆಳಗಾದರೆ ಪರವಾಗಿಲ್ಲ. ಕಾಲರ್ ಮೂಳೆಯ ಹತ್ತಿರ ಆದರೆ?

ಚೀನಾದಲ್ಲಿ ಸುಮಾರು ಸಾವಿರ ವರ್ಷದ ಹಿಂದೆ ಇದಕ್ಕೊಂದು ಪರೀಕ್ಷೆ ಇತ್ತಂತೆ. ಸಾಂಗ್ ರಾಜರ ಕಾಲದಲ್ಲಿ, 1027ರಲ್ಲಿ, ವಾಂಗ್ ವೇಯಿಯಿ ಅನ್ನುವ ವೈದ್ಯ ಆಳೆತ್ತರದ ಕಂಚಿನ ಬೊಂಬೆಗಳನ್ನು ಎರಕ ಹೊಯ್ಯಿಸಿದ. ಮೈಮೇಲೆ ಬಿಂದುಗಳಿರುವ ಕಡೆಯೆಲ್ಲ ತೂತು. ಹೊರಗೆ ಮೇಣ ಬಳಿದು ತೂತು ಮುಚ್ಚಿ, ಒಳಗೆ ನೀರು ತುಂಬಿಸಿ, ಶಿಷ್ಯನ ಕೈಗೆ ಸೂಜಿ ಕೊಡುವುದು. ಸರಿಯಾದ ಜಾಗಕ್ಕೆ ಚುಚ್ಚಿದರೆ ನೀರು ಜಿನುಗುತ್ತದೆ. ಇಲ್ಲವಾದರೆ ಸೂಜಿ ಒಳಗೇ ಹೋಗುವುದಿಲ್ಲ. ನಮ್ಮ ಮೇಷ್ಟ್ರ ಹತ್ತಿರ ಕಂಚಿನ ಬೊಂಬೆ ಇರಲಿಲ್ಲ, ಹಸಿರು ಪೆನ್ನಿತ್ತು. ನಾವು ನೀಲಿ ಚುಕ್ಕಿ ಇಡಬೇಕು, ಆಮೇಲೆ ಅವರು ಹಸಿರು ಚುಕ್ಕಿ ಇಡುತ್ತಾರೆ. ಎರಡರ ನಡುವಿನ ದೂರವನ್ನು ಸ್ಕೇಲಿನಲ್ಲಿ ಅಳೆದು ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಆ ಪುಸ್ತಕ ಈಗಲೂ ನನ್ನ ಹತ್ತಿರ ಇದೆ. ಮೊದಲ ಪುಟದಲ್ಲಿ 23 ಮಿ.ಮೀ., 19 ಮಿ.ಮೀ., 31 ಮಿ.ಮೀ. ಅಂತೆಲ್ಲ ಇದೆ, ಓದುವುದಕ್ಕೆ ನಾಚಿಕೆ.

ಏಳನೇ ವಾರ ಸೂಜಿ ಕೈಗೆ ಬಂತು. ಚುಚ್ಚಬೇಕಾದದ್ದು ಟಿಶ್ಯೂ ಸುರುಳಿಗೆ, ಆಮೇಲೆ ಹಣ್ಣಿಗೆ.

ನಾವು ಬಳಸಿದ್ದು 0.25 ಮಿ.ಮೀ. ದಪ್ಪ, 25 ಮಿ.ಮೀ. ಉದ್ದದ್ದು. ಸಾಮಾನ್ಯ ಇಂಜೆಕ್ಷನ್ ಸೂಜಿಯ ಅರ್ಧದಷ್ಟೂ ದಪ್ಪ ಇಲ್ಲ, ಒಳಗೆ ತೂತೂ ಇಲ್ಲ. ಇಷ್ಟು ತೆಳ್ಳಗಿನದನ್ನು ಬರಿಗೈಯಲ್ಲಿ ನೆಟ್ಟಗೆ ಚುಚ್ಚಲು ಹೋದರೆ ಬಿಲ್ಲಿನ ಹಾಗೆ ಬಾಗುತ್ತದೆ. ನಾನು ಮನೆಯಲ್ಲಿ ಮಾಡಿದ್ದು ಅದೇ. ಹೆಬ್ಬೆರಳು ತೋರುಬೆರಳಿನ ನಡುವಿನ ಬಿಂದುವಿಗೆ ಮೂರು ಸಲ ಒತ್ತಿ, ಮೂರು ಸಲವೂ ಬಾಗಿಸಿ, ನಾಲ್ಕನೇ ಸಲ ಹೇಗೋ ತೂರಿಸಿದ್ದೆ. ಒಂದು ವಾರ ಅಲ್ಲಿ ನೀಲಿ ಕಲೆ ಇತ್ತು. ಇದಕ್ಕೆ ಪರಿಹಾರ ಹುಡುಕಿದವರು 17ನೇ ಶತಮಾನದ ಜಪಾನಿನ ಸುಗಿಯಾಮಾ ವಾಯಿಚಿ. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಸೂಜಿಗಿಂತ ಸ್ವಲ್ಪ ಗಿಡ್ಡ ಇರುವ ಕೊಳವೆಯೊಳಗೆ ಸೂಜಿ ಇಳಿಬಿಟ್ಟು, ಕೊಳವೆಯನ್ನು ಚರ್ಮಕ್ಕೆ ಒತ್ತಿ ಹಿಡಿದು, ಮೇಲೆ ಚಾಚಿಕೊಂಡಿರುವ ತುದಿಯನ್ನು ಬೆರಳಿನಿಂದ ಟಕ್ ಅಂತ ತಟ್ಟುವುದು. ಅಷ್ಟೇ. ಕೊಳವೆ ಒತ್ತಿದ್ದೇ ಚರ್ಮಕ್ಕೆ ಗೊತ್ತಾಗುತ್ತದೆ, ಸೂಜಿ ಹೋದದ್ದು ಗೊತ್ತಾಗುವುದಿಲ್ಲ. ಈಗ ಬರುವ ಪ್ಯಾಕೆಟ್ಟುಗಳಲ್ಲಿ ಸೂಜಿಯ ಜೊತೆಗೇ ಪ್ಲಾಸ್ಟಿಕ್ ಕೊಳವೆ ಇರುತ್ತದೆ.

ಕೊಳವೆ ತೆಗೆದ ಮೇಲೆ ನಿಜವಾದ ಪರೀಕ್ಷೆ. ಸೂಜಿಯನ್ನು ಇನ್ನೂ ಸ್ವಲ್ಪ ಇಳಿಸಬೇಕು, ಆದರೆ ಅದರ ಮೈ ಮುಟ್ಟಬಾರದು. ಹಿಡಿಯನ್ನು ಮಾತ್ರ ಹಿಡಿಯಬೇಕು. ಬೆರಳಿಗೆ ಈ ಬುದ್ಧಿ ಬರುವುದಕ್ಕೆ ಎಷ್ಟು ದಿನ ಬೇಕು ಗೊತ್ತಾ? ಸೂಜಿ ಓಲಾಡಿದ ಕೂಡಲೇ ಇನ್ನೊಂದು ಕೈ ತಾನಾಗಿ ಹೋಗಿ ಮಧ್ಯದಲ್ಲಿ ಹಿಡಿದುಬಿಡುತ್ತದೆ. ಮುಟ್ಟಿದ ಭಾಗ ಚರ್ಮದೊಳಗೆ ಹೋಗುವಂಥದ್ದು, ಅಲ್ವಾ? ಮುಟ್ಟಿದಿರೋ, ಆ ಸೂಜಿ ಬಿಸಾಕುವ ಡಬ್ಬಿಗೆ. ಹೊಸದು ಬಿಚ್ಚಿ. ಮೊದಲ ದಿನ ಹನ್ನೊಂದು ಸೂಜಿ ದಂಡ ಮಾಡಿದೆ.

ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ಜಪಾನಿನವರ ಇನ್ನೊಂದು ಅಭ್ಯಾಸ. ಪಾತ್ರೆಯಲ್ಲಿ ನೀರು ತುಂಬಿ ಒಂದು ಸೇಬು ತೇಲಿಬಿಡುವುದು. ಅದು ಮುಳುಗದ ಹಾಗೆ, ಜಾಸ್ತಿ ತಿರುಗದ ಹಾಗೆ ಸೂಜಿ ಇಳಿಸುವುದು. ಕೈಯಲ್ಲಿ ಬಲ ಇದ್ದರೆ ಹಣ್ಣು ಬುಳುಕ್ ಅಂತ ಒಳಗೆ ಹೋಗುತ್ತದೆ. ನಾನು ಹಲ್ಲು ಕಚ್ಚಿಕೊಂಡು ಮಾಡುತ್ತಿದ್ದೆ. “ಹೆಗಲು ಇಳಿಸಿ” ಅಂದರು ಮೇಷ್ಟ್ರು ಹಿಂದಿನಿಂದ. ಹೆಗಲು ಕಿವಿಯ ಹತ್ತಿರಕ್ಕೆ ಹೋಗಿರುವುದು ನನಗೆ ಗೊತ್ತೇ ಇರಲಿಲ್ಲ. ಇಳಿಸಿದೆ, ಹಣ್ಣು ಅಲ್ಲೇ ನಿಂತಿತು.

ಮನುಷ್ಯರ ಮೈಗೆ ಬಂದಾಗ ಮೊದಲ ಮೈ ನಮ್ಮದೇ. ಮೇಷ್ಟ್ರ ಎದುರಿಗೆ, ನಮ್ಮ ಕಾಲಿಗೆ ನಾವೇ. ಎಸ್‌ಟಿ 36 ಅನ್ನುವ ಬಿಂದು. ಮಂಡಿಚಿಪ್ಪಿನ ಕೆಳಗೆ ಹೊರಬದಿಯಲ್ಲಿರುವ ಗುಳಿಯಿಂದ ಮೂರು ತ್ಸುನ್ ಕೆಳಗೆ, ಕಾಲಿನ ಮುಂಭಾಗದ ಉದ್ದ ಮೂಳೆಯ ಏಣಿನಿಂದ ಒಂದು ಬೆರಳು ಹೊರಗೆ. ಒಳ್ಳೆಯ ದಪ್ಪ ಸ್ನಾಯು, ಕಲಿಯುವವರಿಗೆ ಸಲೀಸು.

ಸ್ಪಿರಿಟ್ ಹತ್ತಿಯಿಂದ ಒರೆಸಿದೆ. ಒಣಗುವವರೆಗೂ ಕಾದೆ. ಒದ್ದೆ ಇರುವಾಗಲೇ ಚುಚ್ಚಿದರೆ ಉರಿಯುತ್ತದೆ, ಕ್ರಿಮಿ ಸಾಯುವುದಕ್ಕೂ ಒಣಗಬೇಕು. ಪ್ಯಾಕೆಟ್ಟಿನ ತಾರೀಕು ನೋಡಿದೆ, ಅಂಟು ಬಿಟ್ಟಿಲ್ಲ ಅಂತ ನೋಡಿದೆ. ಕೊಳವೆ ಇಟ್ಟು ತಟ್ಟಿದೆ. ಏನೂ ಆಗಲಿಲ್ಲ. ನೋವೂ ಇಲ್ಲ, ಏನೂ ಇಲ್ಲ. ಇಷ್ಟೇನಾ ಅಂದುಕೊಂಡು ಹಿಡಿಯನ್ನು ಮೆಲ್ಲಗೆ ಹೊರಳಿಸುತ್ತಾ ಅರ್ಧ ಸೆಂಟಿಮೀಟರ್ ಇಳಿಸಿದೆ. ಇನ್ನೂ ಸ್ವಲ್ಪ. ಒಂದು ಹಂತದಲ್ಲಿ ಒಳಗೆ ಏನೋ ಹಿಡಿದ ಹಾಗಾಯಿತು. ಚುಚ್ಚಿದ ನೋವಲ್ಲ ಅದು. ಹೊತ್ತುಗಟ್ಟಲೆ ನಡೆದ ಮೇಲೆ ಕಾಲು ಭಾರವಾಗುತ್ತದಲ್ಲ, ಆ ತರಹದ ಒಂದು ಜೋಮು, ಕಣಕಾಲಿನ ಕಡೆಗೆ ನಿಧಾನಕ್ಕೆ ಇಳಿಯಿತು. ಸೂಜಿಯನ್ನೂ ಯಾರೋ ಒಳಗಿಂದ ಎಳೆದ ಹಾಗೆ ಬಿಗಿಯಾಯಿತು. ಇದಕ್ಕೆ ಚೀನೀ ಭಾಷೆಯಲ್ಲಿ ‘ದೆ ಚಿ’ ಅನ್ನುತ್ತಾರೆ. ಮೀನು ಗಾಳ ಕಚ್ಚಿದ ಹಾಗೆ ಅಂತ ಹಳಬರು ಹೇಳುತ್ತಿದ್ದರಂತೆ.

ಭಾರ, ಜೋಮು, ಮಂದ ನೋವು ಬಂದರೆ ಸರಿ. ಉರಿ, ಚುಚ್ಚು, ಮಿಂಚು ಬಂದರೆ ನಿಲ್ಲಿಸಬೇಕು. ಈ ಪಾಠ ನನಗೆ ತಲೆಗೆ ಹತ್ತಿದ್ದು ಮುಂದಿನ ವಾರ, ಇನ್ನೊಬ್ಬರ ಕೈಯ ಮೇಲೆ. ಪಿಸಿ 6, ಮಣಿಕಟ್ಟಿನ ಗೆರೆಯಿಂದ ಎರಡು ತ್ಸುನ್ ಮೇಲೆ, ಎರಡು ಸ್ನಾಯುರಜ್ಜುಗಳ ನಡುವೆ. ವಾಕರಿಕೆಗೆ ಒತ್ತುತ್ತಾರಲ್ಲ, ಅದೇ ಜಾಗ. ಅದರ ಅಡಿಯಲ್ಲೇ ಮೀಡಿಯನ್ ನರ ಹೋಗುತ್ತದೆ ಅಂತ ಪುಸ್ತಕದಲ್ಲಿ ಓದಿದ್ದೆ, ಬರೆದುಕೊಂಡಿದ್ದೆ, ಪರೀಕ್ಷೆಯಲ್ಲೂ ಬರೆದಿದ್ದೆ. ಆದರೂ ಸ್ವಲ್ಪ ಜಾಸ್ತಿ ಇಳಿಸಿದೆ. ಜೊತೆಗಾತಿ “ಅಯ್ಯೋ!” ಅಂದರು. ಮಧ್ಯದ ಬೆರಳು ತಾನಾಗಿ ಹಾರಿತು. ಕರೆಂಟ್ ಹೊಡೆದ ಹಾಗಾಯಿತು ಅಂದರು. ನಾನು ಗಾಬರಿಯಲ್ಲಿ ಸೂಜಿಯನ್ನು ಅಲ್ಲೇ ಬಿಟ್ಟು ಮೇಷ್ಟ್ರ ಮುಖ ನೋಡಿದೆ. “ನನ್ನ ಯಾಕೆ ನೋಡ್ತೀರಿ? ಮೇಲಕ್ಕೆ ಎಳೀರಿ.” ಎಳೆದೆ. ಅವರಿಗೆ ಏನೂ ಆಗಿರಲಿಲ್ಲ, ಹತ್ತು ನಿಮಿಷದಲ್ಲಿ ಬೆರಳು ಸರಿಹೋಯಿತು. ನನಗೆ ಅವತ್ತು ಮತ್ತೆ ಸೂಜಿ ಹಿಡಿಯುವ ಮನಸ್ಸಾಗಲಿಲ್ಲ. ಹಿಡಿಯಲಿಲ್ಲ.

ಬವಳಿ ಬಂದು ಬಿದ್ದದ್ದು ಆ ಆರಡಿ ಆಳು. ನಮ್ಮೆಲ್ಲರಿಗಿಂತ ಗಟ್ಟಿಗ. ಬೆಳಿಗ್ಗೆ ತಿಂಡಿ ತಿನ್ನದೆ ಬಂದಿದ್ದ, ನಮಗೆ ಹೇಳಿರಲಿಲ್ಲ. ಕುರ್ಚಿಯಲ್ಲಿ ಕೂತೇ ಕೈಗೆ ಹಾಕಿಸಿಕೊಂಡ. ಎರಡನೇ ಸೂಜಿಗೆ ಆಕಳಿಸಿದ. ಯಾರೂ ಗಮನ ಕೊಡಲಿಲ್ಲ. ಆಮೇಲೆ ತುಟಿ ಬಿಳಿಚಿತು, ಹಣೆ ಮೇಲೆ ಬೆವರು ಮೂಡಿತು. ಮೇಷ್ಟ್ರು ಆ ಕಡೆಯಿಂದ ಬರುವಷ್ಟರಲ್ಲಿ ವಾಲಿದ್ದ. ಸೂಜಿಗಳನ್ನು ತೆಗೆದು, ಅಂಗಾತ ಮಲಗಿಸಿ, ಕಾಲ ಕೆಳಗೆ ದಿಂಬಿಟ್ಟೆವು. ಎರಡು ನಿಮಿಷಕ್ಕೆ ಕಣ್ಣು ಬಿಟ್ಟು, “ಕರೆಂಟ್ ಹೋಗಿತ್ತಾ?” ಅಂದ. ಅವತ್ತಿನಿಂದ ನಮ್ಮ ಗುಂಪಿನಲ್ಲಿ ಯಾರೂ ಯಾರಿಗೂ ಕೂರಿಸಿ ಸೂಜಿ ಹಾಕಿಲ್ಲ. ಯಾರಾದರೂ ಆಕಳಿಸಿದರೆ ಏಳು ತಲೆ ಒಟ್ಟಿಗೆ ತಿರುಗುತ್ತಿದ್ದವು.

ಹಾಕುವ ಮುಂಚೆ ಕೇಳಬೇಕಾದ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದೇವೆ. ತಿಂಡಿ ತಿಂದಿದ್ದೀರಾ ಅನ್ನುವುದು ಆ ಘಟನೆಯ ನಂತರ ಎಲ್ಲಕ್ಕಿಂತ ಮೇಲೆ ಹೋಯಿತು. ರಕ್ತ ತೆಳುವಾಗುವ ಮಾತ್ರೆ ತಗೊಳ್ತೀರಾ, ಸಣ್ಣ ಗಾಯಕ್ಕೂ ರಕ್ತ ಬೇಗ ನಿಲ್ಲುವುದಿಲ್ಲವಾ, ಬಸುರಿಯಾ ಅಥವಾ ಇರಬಹುದಾ, ಪೇಸ್‌ಮೇಕರ್ ಇದೆಯಾ, ಲೋಹಕ್ಕೆ ಅಲರ್ಜಿ ಇದೆಯಾ, ಹಿಂದೆ ಸೂಜಿ ನೋಡಿ ತಲೆ ತಿರುಗಿತ್ತಾ. ಪೇಸ್‌ಮೇಕರ್ ಇರುವವರಿಗೆ ಸೂಜಿಗೆ ಕರೆಂಟ್ ಕೊಡುವ ಯಂತ್ರ ಜೋಡಿಸುವಂತಿಲ್ಲ. ಬಸುರಿಯರಿಗೆ ಹೆಬ್ಬೆರಳಿನ ಪಕ್ಕದ ಎಲ್‌ಐ 4, ಕಣಕಾಲಿನ ಮೇಲಿನ ಎಸ್‌ಪಿ 6 ಮುಂತಾದ ಬಿಂದುಗಳನ್ನು ಮೊದಲಿನಿಂದಲೂ ಬಿಡುತ್ತಾರೆ. ನಮ್ಮಂಥ ಹೊಸಬರಿಗೆ ಮೇಷ್ಟ್ರ ನಿಯಮ ಇನ್ನೂ ಸರಳ. ಬಸುರಿಯರಿಗೆ ಸೂಜಿಯೇ ಬೇಡ. ಹುಣ್ಣು, ಗಾಯ, ಊತ ಇರುವ ಚರ್ಮಕ್ಕೆ ಬೇಡ. ಎದೆನೋವು, ಇದ್ದಕ್ಕಿದ್ದಂತೆ ಬಂದ ಸಿಡಿಯುವ ತಲೆನೋವು, ಕೈಕಾಲು ಶಕ್ತಿ ಹೋದದ್ದು ಇವಕ್ಕೆ ಸೂಜಿ ಹುಡುಕುತ್ತಾ ಕೂರದೆ ನೇರ ಆಸ್ಪತ್ರೆ.

ನಿಯಮಗಳಲ್ಲಿ ನನಗೆ ತುಂಬಾ ಸಿಟ್ಟು ತರಿಸಿದ್ದು ಒಂದಿತ್ತು. ಮೊದಲ ವರ್ಷ ಮೊಣಕೈಯಿಂದ ಕೆಳಗೆ, ಮಂಡಿಯಿಂದ ಕೆಳಗೆ. ಅಷ್ಟೇ. ಕತ್ತು, ಹೆಗಲು, ಬೆನ್ನು, ಎದೆ, ಹೊಟ್ಟೆ ಯಾವುದನ್ನೂ ಮುಟ್ಟುವಂತಿಲ್ಲ. ನಾನು ಬಂದದ್ದೇ ಕತ್ತು ನೋವಿನಿಂದ, ಕತ್ತಿಗೇ ಸೂಜಿ ಹಾಕುವುದು ಕಲಿಯಬಾರದಾ? ಒಂದು ದಿನ ಕೇಳಿಯೇಬಿಟ್ಟೆ.

ಮೇಷ್ಟ್ರು ಒಂದು ಸ್ಕೇಲ್ ತಗೊಂಡು ನನ್ನ ಹೆಗಲ ಮೇಲಿಟ್ಟರು. ಕತ್ತಿನ ಬುಡಕ್ಕೂ ಹೆಗಲಿನ ತುದಿಗೂ ನಡುವೆ ಜಿಬಿ 21 ಅನ್ನುವ ಬಿಂದು ಇದೆ. ಆಯಾಸವಾದಾಗ ಕೈ ತಾನಾಗಿ ಹೋಗಿ ಹಿಸುಕುವ ಜಾಗ. “ಶ್ವಾಸಕೋಶ ಎಲ್ಲಿಗೆ ಮುಗಿಯುತ್ತೆ?” ಅಂದರು. ಎದೆಗೂಡಿನಲ್ಲಿ ಅಂದೆ. “ಕಾಲರ್ ಮೂಳೆಗಿಂತ ಎರಡು ಮೂರು ಸೆಂಟಿಮೀಟರ್ ಮೇಲೆ ಬಂದಿರುತ್ತೆ. ಉಸಿರು ಎಳೀರಿ.” ಎಳೆದೆ. ಅವರ ಬೆರಳ ಕೆಳಗೆ ಹೆಗಲು ಏರಿದ್ದು ನನಗೇ ಗೊತ್ತಾಯಿತು. ತೆಳ್ಳಗಿರುವವರ ಬೆನ್ನು, ಎದೆಯ ಕೆಲವು ಕಡೆ ಚರ್ಮದಿಂದ ಶ್ವಾಸಕೋಶಕ್ಕೆ ಒಂದೆರಡು ಸೆಂಟಿಮೀಟರ್ ಮಾತ್ರ. ನಮ್ಮ ಸೂಜಿ ಎರಡೂವರೆ ಸೆಂಟಿಮೀಟರ್ ಇದೆ. ತಾಗಿದರೆ ಶ್ವಾಸಕೋಶದ ಸುತ್ತ ಗಾಳಿ ಸೇರಿಕೊಂಡು ಅದು ಕುಗ್ಗುತ್ತದೆ. ಎದೆನೋವು, ಒಣ ಕೆಮ್ಮು, ಉಸಿರು ಸಾಲದೆ ಹೋಗುವುದು. ಕೆಲವರಿಗೆ ಮನೆಗೆ ಹೋಗಿ ಎಷ್ಟೋ ಗಂಟೆ ಆದ ಮೇಲೆ ಶುರುವಾಗುತ್ತದೆ. ಅಕ್ಯುಪಂಕ್ಚರಿನ ದೊಡ್ಡ ಅಪಾಯಗಳಲ್ಲಿ ಮತ್ತೆ ಮತ್ತೆ ವರದಿಯಾಗುವುದು ಇದೇ.

“ಎದೆ ಮಧ್ಯದ ಮೂಳೆ ಇದೆಯಲ್ಲ, ಅದಾದರೂ ಗಟ್ಟಿ ಅಲ್ವಾ?” ಅಂತ ಪಕ್ಕದವರು ಕೇಳಿದರು. ಕೆಲವರಿಗೆ ಹುಟ್ಟಿನಿಂದಲೇ ಆ ಮೂಳೆಯಲ್ಲಿ ಒಂದು ಸಣ್ಣ ತೂತು ಇರುತ್ತದಂತೆ. ಹೊರಗಿನಿಂದ ಮುಟ್ಟಿ ನೋಡಿದರೆ ಗೊತ್ತಾಗುವುದಿಲ್ಲ. ಅದರ ಹಿಂದೆ ಹೃದಯ. ಆ ತೂತಿನ ಮೂಲಕ ಸೂಜಿ ಹೋಗಿ ಜೀವ ಹೋದ ಪ್ರಕರಣ ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಾಗಿದೆ. ಆಮೇಲೆ ಯಾರೂ ಪ್ರಶ್ನೆ ಕೇಳಲಿಲ್ಲ.

ಹೆದರಿಸುವುದಕ್ಕೆ ಇದನ್ನೆಲ್ಲ ಬರೆಯುತ್ತಿಲ್ಲ. ಜರ್ಮನಿಯಲ್ಲಿ 2,29,230 ರೋಗಿಗಳನ್ನು ಗಮನಿಸಿ 2009ರಲ್ಲಿ ಒಂದು ವರದಿ ಪ್ರಕಟಿಸಿದರು. ಶೇಕಡಾ 8.6 ಜನರಿಗೆ ಏನಾದರೊಂದು ಅಡ್ಡ ಪರಿಣಾಮ ಆಗಿತ್ತು. ಹೆಚ್ಚಿನವು ಸ್ವಲ್ಪ ರಕ್ತ, ನೀಲಿ ಕಲೆ, ನೋವು. ಶ್ವಾಸಕೋಶಕ್ಕೆ ತಾಗಿದ್ದು ಇಬ್ಬರಿಗೆ. ಎರಡು ಲಕ್ಷದಲ್ಲಿ ಇಬ್ಬರೇ ಅಂತ ನಾನು ಖುಷಿಯಿಂದ ಮೇಷ್ಟ್ರಿಗೆ ತೋರಿಸಿದೆ. “ಸೂಜಿ ಹಾಕಿದವರು ಯಾರು ಅಂತ ಓದಿದಿರಾ?” ಅಂದರು. ಓದಿದೆ. ತರಬೇತಿ ಪಡೆದ ವೈದ್ಯರು. ಆ ಅಂಕಿ ನನ್ನ ಕೈಗೆ ಅನ್ವಯಿಸುವುದಿಲ್ಲ.

ಸೂಜಿ ನನಗೇ ಚುಚ್ಚಿಕೊಂಡದ್ದೂ ಉಂಟು. ಇನ್ನೊಬ್ಬರ ಕಾಲಿನಿಂದ ತೆಗೆದ ಸೂಜಿಯನ್ನು ಡಬ್ಬಿಗೆ ಹಾಕುವ ಬದಲು ಹತ್ತಿಯ ಮೇಲಿಟ್ಟೆ, ಆಮೇಲೆ ಅದೇ ಹತ್ತಿಯನ್ನು ಎತ್ತಿಕೊಂಡೆ. ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆದೆ. ಹಿಂಡಬಾರದು, ಬಾಯಿಗೆ ಇಟ್ಟುಕೊಳ್ಳಬಾರದು. ಅವತ್ತೇ ಡಾಕ್ಟರ ಹತ್ತಿರ ಹೋದೆ. ಎಚ್‌ಐವಿ ತಡೆಯುವ ಔಷಧಿ ಬೇಕಾಗುವಂತಿದ್ದರೆ 72 ಗಂಟೆಯೊಳಗೆ ಶುರು ಮಾಡಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಆ ಕಾಲಿನ ಯಜಮಾನರೂ ರಕ್ತ ಕೊಟ್ಟರು, ಇಬ್ಬರದೂ ಸರಿಯಾಗಿತ್ತು. ಹೆಪಟೈಟಿಸ್ ಬಿ ಲಸಿಕೆಯ ಮೂರೂ ಡೋಸ್ ಮೊದಲೇ ಆಗಿದ್ದರಿಂದ ಒಂದು ಚಿಂತೆ ಕಡಿಮೆ ಇತ್ತು. ಈಗ ಸೂಜಿ ಚರ್ಮದಿಂದ ಹೊರಬಂದರೆ ಹಳದಿ ಡಬ್ಬಿಗೇ ಹೋಗಬೇಕು, ನಡುವೆ ಎಲ್ಲೂ ಇಳಿಯುವಂತಿಲ್ಲ. ಆ ಡಬ್ಬಿ ಗಟ್ಟಿ ಪ್ಲಾಸ್ಟಿಕ್ಕಿನದು. ಮುಕ್ಕಾಲು ತುಂಬಿದ ಕೂಡಲೇ ಮುಚ್ಚಿ, ವೈದ್ಯಕೀಯ ಕಸ ಒಯ್ಯುವವರಿಗೆ ಕೊಡುವುದು.

ಇನ್ನು ಹತ್ತು ಸೂಜಿಯ ಕಥೆ.

ಐದನೇ ತಿಂಗಳು. ನನ್ನ ಡಬ್ಬಿ ವಾಪಸ್ ಬಂದ ವಾರ. ಕೈ ಪಳಗಿತ್ತು, ಹಸಿರು ನೀಲಿ ಚುಕ್ಕಿಗಳು ಎರಡು ಮೂರು ಮಿಲಿಮೀಟರಿಗೆ ಬಂದಿದ್ದವು. ಜೊತೆಗಾತಿಗೆ ಎರಡೂ ಕೈ, ಎರಡೂ ಕಾಲಿಗೆ ಒಟ್ಟು ಹತ್ತು ಸೂಜಿ ಹಾಕಿದೆ. ಒಂದರಲ್ಲೂ ಅವರು ಮುಖ ಕಿವಿಚಲಿಲ್ಲ. ನಾನು ಪಕ್ಕದವರ ಜೊತೆ ಹರಟುತ್ತಾ ಇಪ್ಪತ್ತು ನಿಮಿಷ ಕಳೆದೆ. ಹರಟುತ್ತಲೇ ತೆಗೆದೆ. ಅವರು ಎದ್ದು ಕೂತರು, ಕಾಲು ಕೆಳಗಿಟ್ಟರು.

“ಎಷ್ಟು?” ಅಂದರು ಮೇಷ್ಟ್ರು ದೂರದಿಂದ.

“ಹತ್ತು” ಅಂದೆ. ಹಾಕಿದ್ದರ ಲೆಕ್ಕ ಹೇಳಿದ್ದೆ.

“ತೆಗೆದದ್ದು?”

ಎಣಿಸಿರಲಿಲ್ಲ. ಬಿಚ್ಚಿದ ಪ್ಯಾಕೆಟ್ಟು ಹತ್ತು, ಸರಿ. ತೆಗೆದವೆಲ್ಲ ಡಬ್ಬಿಯೊಳಗೆ ಹೋಗಿದ್ದವು, ಅದರಲ್ಲಿ ಕೈ ಹಾಕಿ ಎಣಿಸುವಂತಿಲ್ಲ. “ಯಾರೂ ಅಲುಗಾಡಬೇಡಿ” ಅಂದರು ಮೇಷ್ಟ್ರು. ಜೊತೆಗಾತಿ ಒಂದು ಕಾಲು ನೆಲದ ಮೇಲೆ, ಒಂದು ಕಾಲು ಗಾಳಿಯಲ್ಲಿ ಹಾಗೇ ಹಿಡಿದರು. ಬಿಂದು ಬಿಂದುವಾಗಿ ಬಾಯಲ್ಲಿ ಹೇಳಿಕೊಳ್ಳುತ್ತಾ ಕೈ ನೋಡಿದೆ, ಮಂಡಿ ನೋಡಿದೆ, ಬಲ ಕಣಕಾಲು ನೋಡಿದೆ. ಎಡ ಕಣಕಾಲಿನ ಹತ್ತಿರ ಮಡಿಚಿದ್ದ ಪ್ಯಾಂಟಿನ ಅಂಚು ಜಾರಿ ಕೆಳಗೆ ಬಂದಿತ್ತು. ಎರಡು ಬೆರಳಲ್ಲಿ ಮೆಲ್ಲಗೆ ಎತ್ತಿದೆ. ಕಣಕಾಲಿನ ಒಳಬದಿಯ ಮೂಳೆಗಂಟಿಗೂ ಹಿಮ್ಮಡಿಯ ಸ್ನಾಯುರಜ್ಜುವಿಗೂ ನಡುವಿನ ಗುಳಿಯಲ್ಲಿ ಸೂಜಿ ಇನ್ನೂ ಇತ್ತು, ಬಟ್ಟೆಯ ಭಾರಕ್ಕೆ ಹಿಡಿಯ ಹತ್ತಿರ ಬಾಗಿ.

ನಡೆದಿದ್ದರೆ? ಸೂಜಿ ಮುರಿಯುವುದು ಅಪರೂಪ. ಮುರಿದರೆ ಸಾಮಾನ್ಯವಾಗಿ ಹಿಡಿ ಮತ್ತು ಮೈ ಸೇರುವ ಕಡೆಯೇ. ಅದಕ್ಕೇ ಪೂರ್ತಿ ಹಿಡಿಯವರೆಗೆ ಇಳಿಸಬಾರದು, ಹೊರಗೆ ಸ್ವಲ್ಪ ಉಳಿದಿರಬೇಕು ಅನ್ನುವುದು. ಉಳಿಸಿದ್ದೆ, ಅದೊಂದು ಪುಣ್ಯ. ಬಾಗಿದ ಸೂಜಿಯನ್ನು ಅದು ಬಾಗಿದ ದಿಕ್ಕಿನಲ್ಲೇ ನಿಧಾನವಾಗಿ ಎಳೆಯಬೇಕು. ಎಳೆದೆ. ಒಂದು ಹನಿ ರಕ್ತ ಬಂತು. ಹತ್ತಿ ಒತ್ತಿ ಹಿಡಿದೆ.

ಜೊತೆಗಾತಿ ಬೈಯಲಿಲ್ಲ. “ನಾನೂ ಎಣಿಸಬೇಕಿತ್ತು” ಅಂದರು. ಬೈದಿದ್ದರೆ ವಾಸಿ ಅನ್ನಿಸಿತು. ಮೇಷ್ಟ್ರು ನನ್ನ ಪುಸ್ತಕ ತಗೊಂಡು, ಮಿಲಿಮೀಟರುಗಳ ಕೆಳಗೆ ಹಸಿರು ಪೆನ್ನಿನಲ್ಲಿ ‘10 – 9’ ಅಂತ ಬರೆದು ಕೊಟ್ಟರು. ಮೊದಲ ದಿನ ನಡುಗುತ್ತಿದ್ದ ಕೈಯಿಂದ ಹಾಕಿದಾಗ ನಾನು ಪ್ರತಿ ಸೂಜಿಯನ್ನೂ ಮೂರು ಮೂರು ಸಲ ಎಣಿಸಿದ್ದೆ.

ಈಗ ಎರಡು ವರ್ಷ ಆಗುತ್ತಾ ಬಂತು. ಸೂಜಿ ಹಾಕುವಾಗ ಪಕ್ಕದಲ್ಲಿ ಒಂದು ಚೀಟಿ ಇರುತ್ತದೆ, ಬಿಂದುವಿನ ಹೆಸರು, ಹಾಕಿದ್ದಕ್ಕೊಂದು ಗೆರೆ, ತೆಗೆದಾಗ ಅದಕ್ಕೆ ಅಡ್ಡ ಗೆರೆ. ಬಟ್ಟೆಯನ್ನು ಮಡಿಚಿ ಬಿಡದೆ ಕ್ಲಿಪ್ ಹಾಕುತ್ತೇನೆ. ಮೇಷ್ಟ್ರು ಇರುವ ಕೋಣೆಯಲ್ಲಿ ಮಾತ್ರ ಹಾಕುತ್ತೇನೆ. ಒಂದು ದೇಶದಲ್ಲಿ ಇದಕ್ಕೆ ಲೈಸೆನ್ಸ್ ಬೇಕು, ಇನ್ನೊಂದರಲ್ಲಿ ನೋಂದಣಿ ಸಾಕು, ಕೆಲವೆಡೆ ವೈದ್ಯರಷ್ಟೇ ಮಾಡಬೇಕು. ಕಲಿಯುವವನಿಗೆ ಎಲ್ಲೂ ಸ್ವಂತ ಅಂಗಡಿ ತೆರೆಯುವ ಅವಸರ ಬೇಡ ಅನ್ನುವುದು ನನ್ನ ಲೆಕ್ಕ.

ಮನೆಯವರಿಗೆ ಇದನ್ನು ಒಪ್ಪಿಸುವುದೇ ದೊಡ್ಡ ಕಷ್ಟ. ಮೊನ್ನೆ ಚಿಕ್ಕಮ್ಮ ಬಂದಿದ್ದರು. ಕೂತ ಕೂಡಲೇ ಹೆಗಲು ತೋರಿಸಿದರು.

“ಇಲ್ಲೊಂದು ಸೂಜಿ ಹಾಕೋ ಮಾರಾಯ. ರಾತ್ರಿಯೆಲ್ಲ ನಿದ್ದೆ ಇಲ್ಲ.”

ತೋರಿಸಿದ್ದು ಸರಿಯಾಗಿ ಜಿಬಿ 21. ಹಸಿರು ಪೆನ್ನೇ ಬೇಡ, ಅಷ್ಟು ಕರಾರುವಾಕ್ಕು.

“ಅಲ್ಲಿಗೆ ನಾನು ಹಾಕಲ್ಲ ಚಿಕ್ಕಮ್ಮ. ಮೇಷ್ಟ್ರ ಹತ್ತಿರ ಕರೆದುಕೊಂಡು ಹೋಗ್ತೀನಿ. ಅದಕ್ಕಿಂತ ಮುಂಚೆ ಡಾಕ್ಟರಿಗೆ ಒಂದು ಸಲ ತೋರಿಸೋಣ. ಎದೆ ಕಡೆಗೇನಾದರೂ ನೋವು ಬರುತ್ತಾ?”

“ಎದೆ ಚೆನ್ನಾಗಿದೆ, ಹೆಗಲು ಹಾಳಾಗಿದೆ. ಡಾಕ್ಟರಿಗೆ ತೋರಿಸಿಯೂ ಆಯ್ತು, ಸ್ನಾಯು ಹಿಡಿದಿದೆ ಅಂದ್ರು. ನೀನು ಕಲಿತಿದ್ದು ಏನಕ್ಕೆ ಮತ್ತೆ?”

“ಬೆರಳಲ್ಲಿ ಒತ್ತಿ ಕೊಡ್ತೀನಿ ಬನ್ನಿ.”

“ಎರಡು ವರ್ಷ ಹೋಗಿ ಬಂದು ಬೆರಳಲ್ಲಿ ಒತ್ತೋದಾ! ಅದನ್ನ ನನ್ನ ಮೊಮ್ಮಗಳೂ ಮಾಡ್ತಾಳೆ.”

ಗೊಣಗುತ್ತಲೇ ಕುರ್ಚಿ ತಿರುಗಿಸಿ ಬೆನ್ನು ಕೊಟ್ಟು ಕೂತರು. ಹೆಬ್ಬೆರಳಿಟ್ಟು ನಿಧಾನಕ್ಕೆ ಭಾರ ಬಿಟ್ಟೆ. ಗಟ್ಟಿ ಗಂಟಿತ್ತು. ಸ್ವಲ್ಪ ಹೊತ್ತು ಮಾತಿಲ್ಲ.

“ಅಲ್ಲಲ್ಲ” ಅಂದರು ಆಮೇಲೆ. “ಇನ್ನೊಂಚೂರು ಈ ಕಡೆ.”